ಡ್ರಮ್ಮಿನೊಳಗಿನ ಆರೂವರೆ ಕಿಲೋ

ಇಪ್ಪತ್ತೆರಡು ವರ್ಷದಿಂದ ನಾನು ತೂಕ ಮತ್ತು ಅಳತೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂಗಡಿಯವರು ತರುವ ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಹೊಡೆಯುವುದು, ಇಲ್ಲದಿದ್ದರೆ ರಿಪೇರಿಗೆ ವಾಪಸ್ ಕಳಿಸುವುದು, ಇಷ್ಟೇ ನನ್ನ ಕೆಲಸ. ಐದು ಗ್ರಾಂ ಆಚೀಚೆಯಾದರೂ ನಾನು ಮುದ್ರೆ ಹೊಡೆಯುವುದಿಲ್ಲ. ಅದಕ್ಕೇ ಪೇಟೆಯ ವ್ಯಾಪಾರಿಗಳು ಬೆನ್ನ ಹಿಂದೆ ನನಗೆ 'ಐದು ಗ್ರಾಂ' ಎಂದು ಹೆಸರಿಟ್ಟಿದ್ದಾರೆ. ಈ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಂಥ ಮನುಷ್ಯ ಮೂವತ್ತೆರಡು ಮಕ್ಕಳು, ಒಬ್ಬ ಟೀಚರು ಮತ್ತು ಒಬ್ಬ ಸರ್ಕಾರಿ ಅಧಿಕಾರಿಯ ಎದುರಿಗೆ ಒಂದು ಡ್ರಮ್ಮಿನಿಂದ ಆರೂವರೆ ಕಿಲೋ ಸುಳ್ಳನ್ನು ಅಗೆದು ತೆಗೆದ ಕಥೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಬೀದಿಯಲ್ಲಿ ಈ ಕಥೆ ನನ್ನ ಸಹಾಯವಿಲ್ಲದೆಯೇ ಓಡಾಡುತ್ತಾ ದಿನದಿಂದ ದಿನಕ್ಕೆ ದಪ್ಪಗಾಗುತ್ತಿರುವುದರಿಂದ, ಸರಿಯಾದ ತೂಕದ್ದೊಂದು ನನ್ನ ಕಡೆಯಿಂದಲೂ ಇರಲಿ.

ಶುರುವಾದದ್ದು ಮಗಳ ಶಾಲೆಯ ಪೋಷಕರ ಸಭೆಯಲ್ಲಿ. ಮಗಳಿಗೆ ಎಂಟು ವರ್ಷ, ಮೂರನೇ ತರಗತಿ. ಅವಳ ಟೀಚರು ಹೊಸದೊಂದು ಯೋಜನೆ ಹಾಕಿಕೊಂಡಿದ್ದರು. ಪ್ರತಿ ಮಗುವಿನ ಅಪ್ಪನೋ ಅಮ್ಮನೋ ತಮಗೆ ಗೊತ್ತಿರುವ ಒಂದು ವಿದ್ಯೆಯನ್ನು ಇಡೀ ತರಗತಿಗೆ ತೋರಿಸಬೇಕು. ನನ್ನ ಮುಂದಿನ ಬೆಂಚಿನಲ್ಲಿ ಅಗ್ನಿಶಾಮಕ ದಳದವರೊಬ್ಬರು ಕೂತಿದ್ದರು. ಅವರು ಎದ್ದು ನಿಂತು, "ಮಕ್ಕಳನ್ನ ಏಣಿ ಹತ್ತಿಸ್ತೀನಿ. ದೊಡ್ಡ ಪೈಪ್ ಹಿಡಿದು ನೀರು ಬಿಡೋಕೆ ಕೊಡ್ತೀನಿ" ಎಂದರು. ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು. ಅವರ ಮಗ ಹಿಂದೆ ತಿರುಗಿ ನನ್ನ ಮಗಳನ್ನು ಕೇಳಿದ.

"ನಿಮ್ಮಪ್ಪ ಏನ್ ಮಾಡ್ತಾರೆ?"

"ತಕ್ಕಡಿ ನೋಡ್ತಾರೆ."

"ನೋಡಿ?"

"ನೋಡ್ತಾರೆ, ಅಷ್ಟೇ."

ಹೇಳಿದವಳೇ ಅವಳು ತಲೆ ತಗ್ಗಿಸಿ ತನ್ನ ಬೂಟಿನ ತುದಿಯನ್ನು ನೋಡತೊಡಗಿದಳು. ಆ ತಲೆ ತಗ್ಗಿದ್ದನ್ನು ನಾನು ನೋಡಬಾರದಿತ್ತು. ಅಷ್ಟರಲ್ಲಿ ಟೀಚರು, "ನೀವೇನು ತೋರಿಸ್ತೀರಿ ಸಾರ್?" ಎಂದರು. ಅವರ ಹಿಂದಿನ ಗೋಡೆಯ ಮೇಲೆ ತರಕಾರಿಗಳ ಚಿತ್ರಪಟವಿತ್ತು. ನನ್ನ ಕಣ್ಣಿಗೆ ನೇರವಾಗಿ ಇದ್ದದ್ದು ಆಲೂಗಡ್ಡೆ. ಅದು ಬದನೆಕಾಯಿಯಾಗಿದ್ದರೆ ನನ್ನ ಬದುಕು ಬೇರೆಯೇ ಆಗುತ್ತಿತ್ತು.

"ಆಲೂಗಡ್ಡೆ," ಎಂದೆ. "ನಾವು ಮನೇಲೇ ಬೆಳೀತೀವಿ. ಅಂಗಡಿಯಿಂದ ತರೋ ಅಭ್ಯಾಸ ಇಲ್ಲ."

ಮಗಳು ತಲೆ ಎತ್ತಿದಳು. ನಮ್ಮ ಮನೆಯಲ್ಲಿ ಒಂದು ಹೂವಿನ ಕುಂಡವೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಅವಳ ಮುಖ ಅರಳಿತು. ಅಪ್ಪ ಹೇಳಿದ ಮೇಲೆ ಎಲ್ಲೋ ಇರಲೇಬೇಕು ಎಂದುಕೊಂಡಳೋ ಏನೋ. ಟೀಚರಂತೂ ಕುಣಿಯುವುದೊಂದು ಬಾಕಿ. ಎಷ್ಟು ದಿನಕ್ಕೆ ಬೆಳೆ ಬರುತ್ತದೆ ಎಂದು ಕೇಳಿದರು. ಬಾಯಿಗೆ ಬಂದಂತೆ ತೊಂಬತ್ತು ದಿನ ಎಂದೆ. ಅವರು ಅಲ್ಲೇ ಕ್ಯಾಲೆಂಡರಿನ ಹಾಳೆ ಮಗುಚಿ, ಒಂದು ಶನಿವಾರದ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಆ ದಿನ ಇಡೀ ತರಗತಿ ನಮ್ಮ ಮನೆಗೆ ಬಂದು ಆಲೂಗಡ್ಡೆ ಅಗೆಯುವುದೆಂದು ತೀರ್ಮಾನವಾಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಎಂಥ ಸುದ್ದಿ ಕೇಳಿದರೂ ಮೊದಲು ನಾಡಿ ಹಿಡಿದು ನೋಡುವವಳ ಮುಖ ಮಾಡುತ್ತಾಳೆ.

"ಆಲೂಗಡ್ಡೆ ಗಿಡದಲ್ಲಿ ಎಲ್ಲಿ ಬಿಡುತ್ತೆ ಹೇಳಿ ನೋಡೋಣ. ಮೇಲಾ, ಕೆಳಗಾ?"

"ಕೆಳಗೆ," ಎಂದೆ, ಒಂದು ಕ್ಷಣ ತಡೆದು.

"ತಡೆದಿದ್ದು ಯಾಕೆ?"

ಮಾವನವರು ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಅವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ನಮ್ಮ ಜೊತೆಯಲ್ಲೇ ಇರುತ್ತಾರೆ. ಕಣ್ಣು ಮಂಜಾಗಿದೆ. ಆದರೆ ಸೀಟಿ, ಹಸಿರು ಬಾವುಟ ಮತ್ತು ಸಮಯ ಬರೆದುಕೊಳ್ಳುವ ಒಂದು ಪುಟ್ಟ ಪುಸ್ತಕ ಈಗಲೂ ಕೈಗೆಟುಕುವಲ್ಲೇ ಇರುತ್ತವೆ. ಅವರು ಪೇಪರ್ ಮಡಚಿ, "ತೊಂಬತ್ತು ದಿನ ಅಂದ್ರೆ ತೊಂಬತ್ತೇ. ಲೇಟ್ ಆಗೋ ಹಾಗಿಲ್ಲ" ಎಂದು ಪುಸ್ತಕ ತೆಗೆದರು.

ಹಳೆಯ ನೀಲಿ ನೀರಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ಸಿ, ಬಾಲ್ಕನಿಯಲ್ಲಿ ಗೋಡೆಗೆ ಒತ್ತಿ ಇಟ್ಟು, ಮಣ್ಣು ತುಂಬಿ, ಮೊಳಕೆ ಬಂದ ಆರು ಗಡ್ಡೆಗಳನ್ನು ನೆಟ್ಟೆವು. ಪ್ರತಿ ಭಾನುವಾರ ಮಗಳ ತರಗತಿಯ ನಾಲ್ಕೈದು ಮಕ್ಕಳು ನೀರು ಹಾಕಲು ಬರುತ್ತಿದ್ದರು. ಒಬ್ಬಳು ಹುಡುಗಿ ಗಿಡಕ್ಕೆ ಶಕ್ತಿ ಬರಲೆಂದು ತನ್ನ ಬಾಟಲಿಯ ಹಾಲು ಸುರಿದಳು. ಇನ್ನೊಬ್ಬ ಅದಕ್ಕೆ ಚಳಿಯಾಗುತ್ತದೆಂದು ಕಾಲುಚೀಲ ತೊಡಿಸಿದ. ಹಾಕಿದ ನೀರೆಲ್ಲ ಕೆಳಗಿನ ಮನೆಯ ವಕೀಲರು ಒಣಗಹಾಕಿದ ಕರಿಕೋಟಿನ ಮೇಲೆ ಇಳಿಯುತ್ತಿತ್ತು. ಅವರು ಪ್ರತಿ ಸೋಮವಾರ ನನಗೊಂದು ನೋಟಿಸು ಕೊಡುತ್ತಿದ್ದರು, ನಾನು ಅದನ್ನು ಡ್ರಮ್ಮಿನ ಕೆಳಗೆ ಹಾಸುತ್ತಿದ್ದೆ.

ಗಿಡ ಬೆಳೆದದ್ದನ್ನು ನೋಡಬೇಕಿತ್ತು. ನಾನು ಯಾರಿಗೂ ಹೇಳದೆ ವಾರಕ್ಕೊಮ್ಮೆ ಒಂದು ಹಿಡಿ ಗೊಬ್ಬರ ಹಾಕುತ್ತಿದ್ದೆ. ಹೆಂಡತಿಯೂ ಯಾರಿಗೂ ಹೇಳದೆ ಒಂದು ಹಿಡಿ ಹಾಕುತ್ತಿದ್ದಳು, ಮಾವನವರೂ ಹಾಕುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಎಲೆಗಳು ನನ್ನ ಸೊಂಟದ ಮಟ್ಟಕ್ಕೆ ಬಂದವು. ನಾನು ಕಚೇರಿಗೆ ಹೊರಡುವ ಮೊದಲು ದಿನವೂ ಡ್ರಮ್ಮಿನ ಮುಂದೆ ನಿಂತು ಅದಕ್ಕೆ ಗುಡ್ ಮಾರ್ನಿಂಗ್ ಹೇಳತೊಡಗಿದೆ. ಕಚೇರಿಯಲ್ಲಿ ಮೇಲಧಿಕಾರಿಗೆ ಮಣ್ಣಿನ ಬಗ್ಗೆ ಸಲಹೆ ಕೊಟ್ಟೆ. ಅವರು ಕೇಳಿರಲಿಲ್ಲ.

ಶಾಲೆಯಲ್ಲಿ ಮಗಳು ಮುಂದಿನ ಬೆಂಚಿಗೆ ಬಂದಿದ್ದಳು. ತೋಟದ ತಂಡಕ್ಕೆ ಅವಳೇ ನಾಯಕಿ. ಅಗ್ನಿಶಾಮಕದವರ ಮಗ ಮಾತ್ರ ಒಂದು ಭಾನುವಾರ ಡ್ರಮ್ಮನ್ನು ಸುತ್ತು ಹಾಕಿ ನೋಡಿ, "ಬರೀ ಎಲೆ ಇದೆ. ಒಳಗೆ ಏನೂ ಇಲ್ಲ. ನೀನು ಸುಳ್ಳಿ" ಎಂದ.

"ಇದೆ. ಇಲ್ದೇ ಇದ್ರೆ ವರ್ಷ ಪೂರ್ತಿ ನಾನು ಕೊನೇ ಬೆಂಚಲ್ಲಿ ಒಬ್ಬಳೇ ಕೂರ್ತೀನಿ," ಎಂದಳು ಮಗಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಇರುತ್ತೆ ಅಲ್ವಾ ಅಪ್ಪಾ?"

"ನಿನ್ನ ಮುಷ್ಟಿಯಷ್ಟು ದಪ್ಪ ಇರುತ್ತೆ," ಎಂದೆ.

ಕೆಂಪು ಗೆರೆಯ ಶನಿವಾರಕ್ಕೆ ಎರಡೇ ದಿನ ಉಳಿದಿದ್ದಾಗ, ಗುರುವಾರ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಗೋಡೆ ಕಡೆಯ ಮಣ್ಣಿಗೆ ಕೈ ಹಾಕಿ ನೋಡಿದೆ. ಮೊಣಕೈವರೆಗೆ ಹೋದರೂ ಬಿಳಿ ಬೇರು ಬಿಟ್ಟರೆ ಏನೂ ಸಿಗಲಿಲ್ಲ. ಗೋಲಿಯಷ್ಟೂ ಇಲ್ಲ. ಕಣ್ಣ ಮುಂದೆ ಬಂದದ್ದು ಕೊನೇ ಬೆಂಚು, ಅದರಲ್ಲಿ ಒಂಟಿಯಾಗಿ ಕೂತು ಬೂಟಿನ ತುದಿ ನೋಡುತ್ತಿರುವ ಮಗಳು.

ಮುಂದಿನ ಅರ್ಧ ಗಂಟೆಯಲ್ಲಿ ನಾನು ಬೀದಿ ತುದಿಯ ತರಕಾರಿ ಅಂಗಡಿಯಲ್ಲಿದ್ದೆ. ಆ ಅಂಗಡಿಯವನ ತಕ್ಕಡಿಗೆ ಎರಡು ಸಲ ಮುದ್ರೆ ನಿರಾಕರಿಸಿದವನು ನಾನೇ. ಮೂರು ಕಿಲೋ ಆಲೂಗಡ್ಡೆ ಕೇಳಿದೆ. ಅವನು ತೂಗಿ ಚೀಲಕ್ಕೆ ಹಾಕುತ್ತಾ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. "ಯಾರಿಗೂ ಹೇಳಬೇಡಪ್ಪ" ಎಂದೆ. "ನಾನ್ಯಾಕೆ ಹೇಳ್ಲಿ ಸಾರ್, ಇವತ್ತಿಂದ ನಂಗೆ ಯಾರಿಗೂ ಹೇಳದೇ ಇರೋದೇ ಕೆಲಸ ಆಗಿದೆ" ಎಂದ. ಆ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಶನಿವಾರದವರೆಗೆ ಇವನ್ನು ಅಡಗಿಸಿಡಬೇಕಿತ್ತು. ಮಂಚದ ಕೆಳಗೆ ಮಾವನವರ ಟ್ರಂಕು, ಬೀರುವಿನಲ್ಲಿ ಹೆಂಡತಿಯ ಕಣ್ಣು. ಕೊನೆಗೆ ಅಡುಗೆಮನೆಯ ಅಟ್ಟಣಿಗೆಯಲ್ಲಿ ನಮ್ಮ ದೊಡ್ಡ ಕುಕ್ಕರ್ ಕಾಣಿಸಿತು. ನೆಂಟರು ಬಂದಾಗ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ. ಮೂರು ಕಿಲೋವನ್ನೂ ಅದರಲ್ಲಿ ಹಾಕಿ, ಮುಚ್ಚಳ ತಿರುಗಿಸಿ, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಶುಕ್ರವಾರ ಸಂಜೆ ನಾನು ಬಚ್ಚಲಮನೆಯ ಕನ್ನಡಿಯ ಮುಂದೆ ಮರುದಿನದ ಭಾಷಣ ಅಭ್ಯಾಸ ಮಾಡುತ್ತಿದ್ದೆ. "ಮಕ್ಕಳೇ, ಮಣ್ಣು ಎಂದೂ ಸುಳ್ಳು ಹೇಳುವುದಿಲ್ಲ" ಎಂಬಲ್ಲಿಗೆ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾಲ್ಕನೇ ಸಲ ಕೂಗಿದಾಗ ಮಾವನವರು, "ನಾಲ್ಕು. ಏಳು ಗಂಟೆ ಹದಿನೆಂಟು ನಿಮಿಷ" ಎಂದು ಬರೆದುಕೊಂಡದ್ದೂ ಕೇಳಿಸಿತು. ನಾನು ಭಾಷಣ ಮುಂದುವರಿಸಿದೆ. ಈಗ ಯೋಚಿಸಿದರೆ, ಮನುಷ್ಯನಿಗೆ ದೇವರು ಎರಡು ಕಿವಿ ಕೊಟ್ಟದ್ದು ನನ್ನ ವಿಷಯದಲ್ಲಿ ಪೂರ್ತಿ ವ್ಯರ್ಥವಾಗಿದೆ.

ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದೆ. ದೀಪ ಹಾಕಲಿಲ್ಲ. ಅಟ್ಟಣಿಗೆಯಲ್ಲಿಟ್ಟಿದ್ದ ಕುಕ್ಕರ್ ಒಲೆಯ ಪಕ್ಕದಲ್ಲಿ ಸಿಕ್ಕಿತು, ಅದು ಯಾಕೆ ಇಳಿದಿದೆ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಹೆಂಡತಿಯ ಆಸ್ಪತ್ರೆಯ ರಬ್ಬರ್ ಕೈಗವಸು ಹಾಕಿಕೊಂಡು, ಕುಕ್ಕರಿನಿಂದ ಗಡ್ಡೆಗಳನ್ನು ತೆಗೆದು, ಗೋಡೆ ಕಡೆಯ ಮಣ್ಣಿನಲ್ಲಿ ಒಂದೊಂದಾಗಿ ಹೂತೆ. ಸ್ವಲ್ಪ ಒದ್ದೆ ಅನ್ನಿಸಿತು, ಬೆವತಿರಬೇಕು ಎಂದುಕೊಂಡೆ. ಡ್ರಮ್ಮಿನ ಮುಂಭಾಗದ ಮಣ್ಣು ಅಲ್ಲಲ್ಲಿ ಸಡಿಲವಾಗಿತ್ತು. ಎರೆಹುಳುಗಳು ಚೆನ್ನಾಗಿ ಕೆಲಸ ಮಾಡಿವೆ ಎಂದು ಸಂತೋಷಪಟ್ಟೆ.

ಎಂಟು ಗಂಟೆಗೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು. "ಕುಕ್ಕರಲ್ಲಿ ಇದ್ದಿದ್ದು ಎಲ್ಲಿ ಹೋಯ್ತು?"

"ಯಾವ ಕುಕ್ಕರು? ನನಗೇನು ಗೊತ್ತು?" ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಮತ್ತೇನೂ ಕೇಳಲಿಲ್ಲ. ಅವಳಿಗೂ ಅವತ್ತು ಹೆಚ್ಚು ಪ್ರಶ್ನೆ ಕೇಳುವ ಧೈರ್ಯವಿರಲಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು?

ಹತ್ತಕ್ಕೆ ಸರಿಯಾಗಿ ಮೂವತ್ತೆರಡು ಮಕ್ಕಳು ಬಂದರು. ಟೀಚರು ತಮ್ಮ ಜೊತೆ ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರನ್ನೂ ಕರೆತಂದಿದ್ದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬಾಲ್ಕನಿಯಲ್ಲಿ ಹತ್ತು ಮಕ್ಕಳು ಹಿಡಿದರು, ಉಳಿದವರು ನಡುಮನೆಯಿಂದ ಮೆಟ್ಟಿಲವರೆಗೆ ಸಾಲಾಗಿ ನಿಂತರು. ಒಳಗಿನ ಸುದ್ದಿ ಬಾಯಿಂದ ಬಾಯಿಗೆ ಕೆಳಗಿನ ಗೇಟಿನವರೆಗೂ ಇಳಿಯುತ್ತಿತ್ತು. ವಕೀಲರು ಮೇಲೆ ಬಂದು, "ಈ ಬಾಲ್ಕನಿ ಎಷ್ಟು ಭಾರ ತಡೆಯುತ್ತೆ ಅಂತ ಯಾರಾದರೂ ಯೋಚನೆ ಮಾಡಿದ್ದೀರಾ?" ಎಂದರು. ಯಾರೂ ಮಾಡಿರಲಿಲ್ಲ. ಮಾವನವರು ಸೀಟಿ ಊದಿ ಹಸಿರು ಬಾವುಟ ಬೀಸಿದರು.

ನಾನು ಗೋಡೆ ಕಡೆಯಿಂದ ಅಗೆಯೋಣ ಎಂದೆ. ಮಕ್ಕಳು ಕೇಳಬೇಕಲ್ಲ. ಅವರು ಮುಂಭಾಗಕ್ಕೇ ಕೈ ಹಾಕಿದರು. ನಾನು ಅಲ್ಲಿ ಒಂದನ್ನೂ ಹೂತಿರಲಿಲ್ಲ. ಇನ್ನು ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ. ಆಗ ಹಾಲು ಸುರಿದಿದ್ದ ಹುಡುಗಿ, "ಸಿಕ್ತು" ಎಂದಳು.

ಕಣ್ಣು ಬಿಟ್ಟರೆ ಅವಳ ಅಂಗೈಯಲ್ಲಿ ಒಂದು ಆಲೂಗಡ್ಡೆ. ಪುಟ್ಟದು, ನಿಂಬೆಹಣ್ಣಿನಷ್ಟು. ಅದರ ಪಕ್ಕದಲ್ಲೇ ಅಂಥದ್ದೇ ಇನ್ನೊಂದು. ನಾನು ಹೂಳದ ಜಾಗದಲ್ಲಿ, ನಾನು ಕೊಳ್ಳದ ಆಲೂಗಡ್ಡೆ. ಅಂದರೆ ನಾನೇ ಬೆಳೆದದ್ದು. ತೊಂಬತ್ತು ದಿನದ ಗುಡ್ ಮಾರ್ನಿಂಗ್ ವ್ಯರ್ಥವಾಗಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಮಗಳ ಕಡೆ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಸುಖ ನನಗೆ ಸಿಕ್ಕಿದ್ದು ಅದೊಂದೇ ಸಲ. ಸುಮಾರು ಒಂದೂವರೆ ನಿಮಿಷ ಇತ್ತು.

ಆಮೇಲೆ ಕೆಂಪು ಸಿಪ್ಪೆಯವು ಬರತೊಡಗಿದವು. ಒಂದು, ಎರಡು, ಹನ್ನೆರಡು. ನಾನು ನೆಟ್ಟದ್ದು ಬಿಳಿಯ ಜಾತಿ. ಅಧಿಕಾರಿ ಒಂದನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು. ಹೆಂಡತಿ ಇದ್ದಕ್ಕಿದ್ದಂತೆ ಗೋಡೆಯ ಗಡಿಯಾರವನ್ನು ಗಮನವಿಟ್ಟು ನೋಡತೊಡಗಿದಳು.

ಅದರ ಕೆಳಗಿನಿಂದ ಕಾಲುಚೀಲದ ಹುಡುಗ ಎರಡೂ ಕೈಯಲ್ಲಿ ಹಿಡಿದು ಎಳೆದದ್ದು ಉದ್ದನೆಯ, ಎರಡೂ ತುದಿ ಚೂಪಾದ ಒಂದು ಗಡ್ಡೆ.

"ಇದು ಗೆಣಸು," ಎಂದರು ಅಧಿಕಾರಿ.

"ಮಣ್ಣು ಫಲವತ್ತಾಗಿದೆ," ಎಂದೆ.

"ಇನ್ನೂ ಐದಿದೆ," ಎಂದ ಹುಡುಗ.

ಮಾವನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗೆಣಸನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಬಾವುಟ ಮಡಚಿ ಜೇಬಿಗಿಟ್ಟುಕೊಂಡರು. ಗೆಣಸು ಬಂತಂತೆ, ಗೆಣಸು ಬಂತಂತೆ ಎಂದು ಮೆಟ್ಟಿಲಿಳಿದು ಸುದ್ದಿ ಹೋಯಿತು.

ಅಷ್ಟರಲ್ಲಿ ಅಗ್ನಿಶಾಮಕದವರ ಮಗ ಗೋಡೆ ಕಡೆಗೆ ತೂರಿಕೊಂಡು ಮಣ್ಣಿಗೆ ಕೈ ಹಾಕಿದ್ದ. ಅವನ ಬೆರಳುಗಳು ಏನೋ ಮೆತ್ತಗಿನದರೊಳಗೆ ಇಳಿದವು. ಮೇಲೆತ್ತಿದ. ಸಿಪ್ಪೆ ಬಿರಿದು ಜಾರಿ ಅವನ ಮಣಿಕಟ್ಟಿನ ಮೇಲೆ ಬಿತ್ತು.

"ಟೀಚರ್," ಎಂದ, "ಇದು ಬೆಂದಿದೆ."

ಬೆಂದಿದೆಯಂತೆ, ಬೆಂದಿದೆಯಂತೆ ಎಂಬ ಮಾತು ನಡುಮನೆ ದಾಟಿ, ಮೆಟ್ಟಿಲಿಳಿದು ಗೇಟು ಮುಟ್ಟಿತು. ನನ್ನ ತಲೆಯೊಳಗೆ ನಾಲ್ಕು ಸಲ ಕುಕ್ಕರ್ ಕೂಗಿತು. ಹೆಂಡತಿಯನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಕುಕ್ಕರಿನಲ್ಲಿ ಆಲೂಗಡ್ಡೆ ಇದ್ದದ್ದು ಕಂಡು, ಬರುವ ಮಕ್ಕಳಿಗೆ ಬೇಯಿಸಲೆಂದು ತನ್ನ ಅಪ್ಪ ಇಟ್ಟಿದ್ದಾರೆ ಎಂದುಕೊಂಡು, ನೀರು ಹಾಕಿ ಒಲೆಯ ಮೇಲೆ ಇಟ್ಟವಳು ಅವಳು. ಬೇಯಿಸಿದ್ದನ್ನು ಕತ್ತಲಲ್ಲಿ ಹೂತವನು ನಾನು.

ಅಧಿಕಾರಿ ಆ ಗಡ್ಡೆಯನ್ನು ತೆಗೆದುಕೊಂಡು ಮೂಸಿ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. "ಬಾಲ್ಕನಿ ಪಶ್ಚಿಮಕ್ಕೆ ಇದೆ. ಮಧ್ಯಾಹ್ನದ ಬಿಸಿಲು. ಡ್ರಮ್ಮು ಪ್ಲಾಸ್ಟಿಕ್ಕು. ಹಾಗಾಗಿ ಒಳಗೆ ಶಾಖ..." ಎಂದು ಶುರುಮಾಡಿದೆ.

"ನೀವು ತಕ್ಕಡಿ ಪರೀಕ್ಷೆ ಮಾಡೋರಂತೆ?" ಎಂದರು ಅಧಿಕಾರಿ.

"ಹೌದು."

"ಜನ ಮೋಸ ಮಾಡ್ತಾರಾ?"

"ಮಾಡ್ತಾರೆ."

"ಕಂಡುಹಿಡಿಯೋದು ಕಷ್ಟಾನಾ?"

ನನಗೆ ಡ್ರಮ್ಮಿನೊಳಗೆ ಇಳಿದು ಮೇಲೆ ಮಣ್ಣು ಎಳೆದುಕೊಳ್ಳಬೇಕು ಎನ್ನಿಸಿತು. ಅವರು ಗಡ್ಡೆಯನ್ನು ಕೆಳಗಿಟ್ಟು, "ಗೊಬ್ಬರ ಕಮ್ಮಿ ಹಾಕಿ. ಜಾಸ್ತಿ ಆದ್ರೆ ಬರೀ ಎಲೆ ಬರುತ್ತೆ, ಗಡ್ಡೆ ಕಟ್ಟಲ್ಲ" ಎಂದು ಅಷ್ಟೇ ಹೇಳಿ ಮೆಟ್ಟಿಲಿಳಿದರು.

ನಮ್ಮನ್ನು ಉಳಿಸಿದ್ದು ಟೀಚರು. ಅವರು ಕೈ ತಟ್ಟಿ, "ಮಕ್ಕಳೇ, ಇವತ್ತಿನ ಪಾಠದಲ್ಲಿ ಎರಡು ಭಾಗ ಇತ್ತು. ಬೆಳೆಯೋದು ಒಂದು, ಬೇಯಿಸೋದು ಒಂದು. ಎರಡೂ ಒಟ್ಟಿಗೇ ಮುಗೀತು. ಎಲ್ಲರೂ ಕೈ ತೊಳ್ಕೊಂಡು ಬನ್ನಿ" ಎಂದರು. ಹೆಂಡತಿ ಮೂರು ಕಿಲೋವನ್ನೂ ತೊಳೆದು, ಸುಲಿದು, ಉಪ್ಪು ಉದುರಿಸಿ ತಟ್ಟೆಗಳಲ್ಲಿ ಕೊಟ್ಟಳು. ವಕೀಲರೂ ಎರಡು ತಿಂದರು, ತಾವು ಇದರಿಂದ ನೋಟಿಸಿನ ಹಕ್ಕು ಬಿಟ್ಟುಕೊಟ್ಟಂತಲ್ಲ ಎಂದು ಹೇಳಿಯೇ ತಿಂದರು. ಅಗ್ನಿಶಾಮಕದವರ ಮಗ ಬಾಯಿ ತುಂಬ ತುಂಬಿಕೊಂಡು ಮಗಳಿಗೆ ಹೇಳಿದ. "ಕೊನೇ ಬೆಂಚ್ ಬೇಡ ಬಿಡು. ಬೆಳೆದಿದ್ದಂತೂ ಬೆಳೆದಿದೆ. ಸ್ವಲ್ಪ ಜಾಸ್ತೀನೇ ಬೆಳೆದಿದೆ."

ಮಗಳು ನಗಲಿಲ್ಲ. ಒಂದನ್ನೂ ತಿನ್ನಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಕಚೇರಿಯ ಚಿಕ್ಕ ತಕ್ಕಡಿ ತಂದು ಉಳಿದ ಗಡ್ಡೆಗಳನ್ನು ತೂಗಿದೆ. ಮಕ್ಕಳ ಹೊಟ್ಟೆ ಸೇರಿದ್ದನ್ನೂ ಕೂಡಿಸಿದರೆ ಆರೂವರೆ ಕಿಲೋ. ಆದರೆ ಮೊದಲು ಸಿಕ್ಕ ಆ ಎರಡು ಪುಟ್ಟ ಗಡ್ಡೆಗಳನ್ನು ಬೇರೆ ಎತ್ತಿಟ್ಟೆ. ಎಲ್ಲ ಸುಳ್ಳಾದರೂ ಅವೆರಡು ನನ್ನವು ಎಂದುಕೊಂಡೆ. ಭಾನುವಾರವೆಲ್ಲ ಅವನ್ನೇ ನೋಡಿಕೊಂಡು ಸಮಾಧಾನಪಟ್ಟೆ.

ಸೋಮವಾರ ತರಕಾರಿ ಅಂಗಡಿಯವನು ರಿಪೇರಿಯಾದ ತಕ್ಕಡಿ ಹಿಡಿದು ನನ್ನ ಕಚೇರಿಗೆ ಬಂದ. ಪರೀಕ್ಷಿಸಿದೆ. ಒಂದು ಗ್ರಾಂ ಕೂಡ ವ್ಯತ್ಯಾಸವಿರಲಿಲ್ಲ. ಮುದ್ರೆ ಹೊಡೆದು ಕೊಟ್ಟೆ. ಅವನು ಹೊರಡಲಿಲ್ಲ.

"ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ ಸಾರ್. ನಿಮ್ಮನೆಯಿಂದ ನಾಲ್ಕು ಜನ ಬಂದಿದ್ರು. ಗುರುವಾರ ಬೆಳಿಗ್ಗೆ ಮೇಡಂ ಬಂದು ಕೆಂಪಂದು ಎರಡು ಕಿಲೋ ತಗೊಂಡ್ರು. ಆಮೇಲೆ ನಿಮ್ಮ ಮಾವ. ಇದು ಗೆಣಸು ಅಂದೆ, ನನಗೆ ಗೊತ್ತು ಅಂದ್ರು. ಆಮೇಲೆ ನೀವು. ಎಲ್ಲರೂ, ಯಾರಿಗೂ ಹೇಳಬೇಡ ಅಂದ್ರಿ."

"ಮೂರೇ ಆಯ್ತಲ್ಲ."

"ಶುಕ್ರವಾರ ಶಾಲೆ ಬಿಟ್ಟ ಮೇಲೆ ನಿಮ್ಮ ಮಗಳು ಬಂದ್ಲು. ಎರಡೇ ಎರಡು ಕೊಡಿ ಅಂದ್ಲು. ದಪ್ಪದು ಆರಿಸಿ ಕೊಟ್ಟೆ. ಅದು ಬೇಡ, ಸಣ್ಣದು ಕೊಡಿ, ಇಷ್ಟು ದಪ್ಪದ್ದು ನಮ್ಮಪ್ಪ ಬೆಳೆದ್ರು ಅಂದ್ರೆ ಯಾರೂ ನಂಬಲ್ಲ ಅಂದ್ಲು."

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಮನೆಯಲ್ಲಿ ನಾಲ್ಕು ಜನ. ನಾನು ಒಂದೇ ಒಂದು ಆಲೂಗಡ್ಡೆ ಬೆಳೆಯಬಲ್ಲೆ ಎಂದು ನಂಬಿದವರು ನಾಲ್ವರಲ್ಲಿ ಒಬ್ಬರೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಸಂಜೆ ಮಗಳನ್ನು ಬಾಲ್ಕನಿಗೆ ಕರೆದು ಕೂರಿಸಿಕೊಂಡೆ. ಅಂಗಡಿಯವನು ಹೇಳಿದ್ದನ್ನು ಹೇಳಿದೆ. ಅವಳು ಬೂಟಿನ ತುದಿ ನೋಡಲಿಲ್ಲ. ಒಳಗೆ ಹೋಗಿ ತನ್ನ ಪೆನ್ಸಿಲ್ ಡಬ್ಬಿ ತಂದು ತೆರೆದಳು. ರಬ್ಬರ್ ಇಡುವ ಜಾಗದಲ್ಲಿ ಗೋಲಿಗಿಂತ ಸ್ವಲ್ಪ ದೊಡ್ಡದಾದ, ಅರ್ಧ ಹಸಿರಾದ ಒಂದು ಗಡ್ಡೆಯಿತ್ತು.

"ಇದು ನಿಂದು," ಎಂದಳು. "ಮೂರು ವಾರದ ಹಿಂದೆ ಅಗೆದು ನೋಡಿದೆ. ಇದೊಂದೇ ಇತ್ತು."

"ಆಗಲೇ ಯಾಕೆ ಹೇಳಲಿಲ್ಲ?"

"ನೀನು ಮುಷ್ಟಿಯಷ್ಟು ದಪ್ಪ ಅಂದಿದ್ದೆ. ದಿನಾ ಅದಕ್ಕೆ ಗುಡ್ ಮಾರ್ನಿಂಗ್ ಬೇರೆ ಹೇಳ್ತಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ."

ನಾನು ಅತ್ತೆ. ಸುತ್ತಿ ಬಳಸಿ ಹೇಳುವುದೇನಿದೆ, ಅತ್ತೆ. ಅವಳು ತಕ್ಕಡಿ ತಾ ಎಂದಳು, ತಂದೆ. ಗಡ್ಡೆಯನ್ನು ತಟ್ಟೆಯ ಮೇಲೆ ಅವಳೇ ಇಟ್ಟಳು. ಮುಳ್ಳು ನಿಲ್ಲುವವರೆಗೆ ಇಬ್ಬರೂ ಉಸಿರು ಹಿಡಿದು ಬಗ್ಗಿ ನೋಡಿದೆವು.

"ಎಷ್ಟಪ್ಪಾ?"

"ಹನ್ನೊಂದು ಗ್ರಾಂ."

"ನಿಜವಾಗ್ಲೂ?"

"ನಿಜವಾಗ್ಲೂ."

"ತಕ್ಕಡಿ ನೋಡೋದು ಅಂದ್ರೆ ಇದೇನಾ?" ಎಂದಳು. ಹೌದು ಎಂದೆ. "ಚೆನ್ನಾಗಿದೆ," ಎಂದಳು.

ಮೊನ್ನೆ ಆ ಹನ್ನೊಂದು ಗ್ರಾಂ ಗಡ್ಡೆಯನ್ನು ಒಂದು ಚಿಕ್ಕ ಕುಂಡದಲ್ಲಿ ನೆಟ್ಟಿದ್ದೇವೆ. ಗೊಬ್ಬರವಿಲ್ಲ, ಭಾಷಣವಿಲ್ಲ, ಶಾಲೆಗೆ ಸುದ್ದಿಯಿಲ್ಲ. ಯಾರೂ ಮಣ್ಣು ಮುಟ್ಟಬಾರದೆಂದು ನಾಲ್ವರೂ ಕೂತು ಒಪ್ಪಿಕೊಂಡಿದ್ದೇವೆ. ಮಾವನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಐದಕ್ಕೆ ಎದ್ದು ಬಾಲ್ಕನಿಗೆ ಹೋದೆ. ಕುಂಡದ ಮಣ್ಣು ಮೂರು ಕಡೆ ಸಡಿಲವಾಗಿತ್ತು. ಈ ಸಲ ಎರೆಹುಳು ಎಂದು ನನಗೆ ಅನ್ನಿಸಲಿಲ್ಲ. ಜೇಬಿನಲ್ಲಿ ತಂದಿದ್ದ ಆಲೂಗಡ್ಡೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಒಳಗೆ ಬಂದೆ.